ದೆಮರೆ ಎಂದರೆ ವಾಸಿಸು

ಮಗಳ ಹತ್ತನೇ ತರಗತಿ ಮುಗಿದ ಬೇಸಿಗೆಯಲ್ಲಿ ಹೆಂಡತಿ, ಮಗಳು ಈ ಕೊಲ್ಲಿ ದೇಶದಿಂದ ಮಂಗಳೂರಿಗೆ ಹೊರಟುಹೋದರು. ಫಿಂಟಾಸ್‌ನ ಫ್ಲ್ಯಾಟ್ ಬಿಟ್ಟು ನಾನು ಮಹಬೂಲಾದಲ್ಲಿ ಒಂದು ಕೋಣೆ ಹಿಡಿದೆ. ಅದಾಗಿ ನಾಲ್ಕು ವರ್ಷ. ಇಲ್ಲಿನ ಶಾಲೆಯಲ್ಲಿ ಅವಳು ಹಿಂದಿಯ ಬದಲು ಫ್ರೆಂಚ್ ಕಲಿತಿದ್ದಳು. ಪದಗಳ ಬೇರನ್ನೂ ಹೇಳುವ ಅವಳ ದಪ್ಪ ಫ್ರೆಂಚ್-ಇಂಗ್ಲಿಷ್ ನಿಘಂಟು ಲಗೇಜಿನಲ್ಲಿ ತೂಕ ಹೆಚ್ಚಾಗಿ ನನ್ನ ಪಾಲಿಗೆ ಉಳಿಯಿತು.

ಮಾತಾಡಲು ಜನವಿಲ್ಲದವನಿಗೆ ನಿಘಂಟೂ ನೆಂಟನೇ. ಒಂದು ಶುಕ್ರವಾರ, ರಜೆಯ ದಿನ, ಪುಟ ತಿರುವುತ್ತಿದ್ದಾಗ 'ದೆಮರೆ' ಎಂಬ ಕ್ರಿಯಾಪದ ಸಿಕ್ಕಿತು. ವಾಸಿಸು, ಉಳಿ ಎಂದು ಅರ್ಥ. ಅದರ ಹಿಂದಿನ ಲ್ಯಾಟಿನ್ ಮಾತಿಗೆ ಮಾತ್ರ ತಡಮಾಡು ಎಂದರ್ಥವಂತೆ. ಹೊರಡಲು ತಡಮಾಡಿದವರು ಅಲ್ಲೇ ಉಳಿದರು, ಉಳಿದದ್ದೇ ವಾಸವಾಯಿತು. ಇನ್ನೂ ಹಿಂದೆ ಹೋದರೆ ನಮ್ಮ 'ಸ್ಮರಣೆ'ಯ ಬೇರೂ ಅದೇ ಇರಬಹುದೆಂದು ಕೆಲವು ಪಂಡಿತರು ಹೇಳುತ್ತಾರೆ, ಎಲ್ಲರೂ ಒಪ್ಪಿಲ್ಲ. ನಾನು ಕೂತಲ್ಲೇ ಒಪ್ಪಿದೆ. ಜೊತೆಗೆ ಸಿಟ್ಟೂ ಬಂತು. ಎಂದೋ ಸತ್ತ ರೋಮಿನವರಿಗೆ ನನ್ನ ಸಂಗತಿ ಹೇಗೆ ಗೊತ್ತಾಯಿತು?

ಎರಡು ವರ್ಷ ಸಾಕು ಎಂದು ಬಂದವನು ನಾನು. ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ಮುಗಿದಾಗಲೆಲ್ಲ 'ಇದೊಂದು ಸಲ' ಎಂದು ನವೀಕರಿಸುತ್ತ ಇಪ್ಪತ್ತು ವರ್ಷ ಕಳೆದೆ. ಆದರೂ ಇಲ್ಲಿ ವಾಸವಾಗಿದ್ದೇನೆಂದು ಒಮ್ಮೆಯೂ ಒಪ್ಪಿಕೊಳ್ಳಲಿಲ್ಲ. ನಮ್ಮವರ ರೂಢಿಯಂತೆ ಒಳ್ಳೆಯದೆಲ್ಲ ಊರಿಗೆ. ಹೊಸ ಕಂಬಳಿ, ಗಾಜಿನ ತಟ್ಟೆಗಳು ಮಂಚದಡಿ ಕಾರ್ಟನ್ನಿನಲ್ಲಿ. ನಾನು ಉಣ್ಣುವುದು ಅಂಚು ಮುಕ್ಕಾದ ಪ್ಲಾಸ್ಟಿಕ್ ತಟ್ಟೆಯಲ್ಲಿ. ಒಂದು ಒಳ್ಳೆಯ ಕುರ್ಚಿಯನ್ನೂ ಕೊಳ್ಳಲಿಲ್ಲ, ಹೇಗೂ ಹೋಗುವವನಲ್ಲವೇ ಎಂದು.

ಅಂದು ನಿಘಂಟು ಮುಚ್ಚಿದಾಗ ಹೆದರಿಕೆಯಾಯಿತು. ನಾನಿಲ್ಲದೆ ಇರುವುದು ಮಗಳಿಗೆ ಪೂರ್ತಿ ಅಭ್ಯಾಸವಾಗುವ ಮೊದಲು ಮನೆ ಸೇರಬೇಕು ಅನ್ನಿಸಿತು. ಆ ವಾರವೇ ರಾಜೀನಾಮೆ ಕೊಟ್ಟೆ. ಹೆಂಡತಿಗಿಂತ ಮೊದಲು ಮಗಳಿಗೇ ಫೋನ್ ಮಾಡಿದೆ.

"ಮಗಾ, ಮುಂದಿನ ತಿಂಗಳು ಬರ್ತೇನೆ."

"ನೈಸ್, ಪಪ್ಪ! ಹೌ ಮೆನಿ ಡೇಸ್?"

"ದಿನ ಎಂತದು? ಇಲ್ಲಿ ಖಲಾಸ್. ಇನ್ನು ಮನೆಯಲ್ಲೇ."

ಸದಾ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು ಈಗ ಕನ್ನಡದಲ್ಲಿ, ಮನೆಗೆ ಬಂದ ದೊಡ್ಡವರೊಡನೆ ಮಾತಾಡುವಷ್ಟು ಮರ್ಯಾದೆಯಿಂದ ಕೇಳಿದಳು.

"ಇಲ್ಲಿ ನೀವು ಎಂತ ಮಾಡುದು, ಪಪ್ಪ?"

ಚುಚ್ಚಲು ಕೇಳಿದ್ದಲ್ಲ. ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.