ಬೆಳಕಿಂಡಿಗೆ ಕಾದ ಪೆಟ್ಟಿಗೆ

ಗಡಗಡ ನಡುಗುತ್ತಿದ್ದ ಅವ್ವನನ್ನು ದವಾಖಾನೆಯ ಜಗಲಿಯಲ್ಲಿ ಕೂರಿಸಿ, ಇದು ಚಳಿಜ್ವರವೋ ಪ್ಲೇಗೋ ರಕ್ತ ನೋಡಿ ಹೇಳಿ ಎಂದು ಕೇಳಿದೆ. ಕಾಂಪೌಂಡರು ಬೀಗ ಹಾಕಿದ ಮರದ ಪೆಟ್ಟಿಗೆಯೊಂದನ್ನು ಹೆಮ್ಮೆಯಿಂದ ತೋರಿಸಿದರು.

"ಮೈಕ್ರೋಸ್ಕೋಪು ಬಂದು ವರ್ಷ ಆತು. ಕೋಣೆಗೆ ಕಿಟಕಿ ಇಲ್ಲ, ಬೆಳಕಿಲ್ದೆ ಅದ್ರಾಗೆ ಏನೂ ಕಾಣಲ್ಲ. ಕಿಟಕಿ ಬೇಕು ಅಂತ ಮೇಲಕ್ಕೆ ಬರ್ದೀವಿ."

ಮಗ್ಗದ ಮುಂದೆಯೇ ಮುದುಕಿಯಾದ ಅವ್ವ ಕಂಬಳಿಯೊಳಗಿನಿಂದ ಗದರಿದಳು: "ನಾವು ಮಗ್ಗದ ಗುಂಡಿ ತೋಡೋಕೆ ಮುಂಚೆ ಬೆಳಕಿಂಡಿ ಮಾಡ್ತೀವಿ ಸ್ವಾಮಿ. ಓದಿದೋರಿಗೆ ಇಷ್ಟೂ ತಿಳೀಲಿಲ್ವಾ?"

ಓದಿದವರಿಗೆ ತಿಳಿದದ್ದು ಒಂದೇ: ಗೊತ್ತಾಗದ ಜ್ವರವೆಲ್ಲ ಪ್ಲೇಗು. ಅಂದೇ ನಮ್ಮನ್ನು ಮನೆ ಬಿಡಿಸಿ ಊರ ಹೊರಗೆ ರಾಂಪುರದ ದಾರಿಯಲ್ಲಿದ್ದ ಪ್ಲೇಗಿನವರ ಗುಡಿಸಲಿಗೆ ಅಟ್ಟಿದರು. ಯಾವುದಕ್ಕೂ ಇರಲಿ ಎಂದು ಅವರೇ ಕೊಟ್ಟ ಚಳಿಜ್ವರದ ಮದ್ದು ಕ್ವಿನೈನ್ ನುಂಗಿ ಅವ್ವ ವಾರದಲ್ಲಿ ಎದ್ದು ಕೂತಳು, ಬರೀ ಚಳಿಜ್ವರ. ಅಷ್ಟರಲ್ಲಿ ಮಗ್ಗದ ಮೇಲೆ ಅರ್ಧಕ್ಕೆ ಬಿಟ್ಟುಬಂದ ಮದುವೆ ಸೀರೆಯನ್ನು ಇಲಿಗಳು ಕಡಿದುಹಾಕಿದ್ದವು.

ಮೊನ್ನೆ ದವಾಖಾನೆಗೆ ಹೋದಾಗ ನೋಡಿದರೆ, ಆ ಕೋಣೆಗೆ ದೊಡ್ಡ ಕಿಟಕಿ ಬಂದಿದೆ. ಬಿಸಿಲು ನೇರವಾಗಿ ಪೆಟ್ಟಿಗೆಯ ಬೀಗದ ಮೇಲೆ ಬೀಳುತ್ತಿತ್ತು. ಯಂತ್ರದಲ್ಲಿ ಕಣ್ಣಿಟ್ಟು ನೋಡಬಲ್ಲ ಒಬ್ಬ ಮನುಷ್ಯ ಬೇಕೆಂದು ಈಗ ಮೇಲಕ್ಕೆ ಬರೆದಿದ್ದಾರಂತೆ.