ತಡೆಹಿಡಿದ ಅಂಕಪಟ್ಟಿ

ಬಕ್ಲಿ ಫೋರ್ಕ್ ಕಮ್ಯುನಿಟಿ ಕಾಲೇಜಿಗೆ ಡೀನ್‌ಗಳು ಆರು ಮಂದಿ ಬಂದು ಹೋದರು, ಕಡತದ ಕೋಣೆಯ ಓಪಲ್ ಮಾತ್ರ ಅಲ್ಲಾಡಲಿಲ್ಲ. ಇಪ್ಪತ್ತೆರಡನೆಯ ವಯಸ್ಸಿಗೆ ಟೈಪಿಸ್ಟಾಗಿ ಬಂದವಳು ಐವತ್ತೈದಕ್ಕೂ ಅದೇ ಕಿಟಕಿಯ ಪಕ್ಕ ಹಸಿರು ಶಾಯಿಯ ಪೆನ್ನು ಹಿಡಿದು ಕೂತಿದ್ದಳು. ಕಲ್ಲಿದ್ದಲ ಗಣಿಗಳು ಒಂದೊಂದಾಗಿ ಮುಚ್ಚಿಹೋದ ಆ ಕಣಿವೆಯಲ್ಲಿ, ಮನೆಗೊಬ್ಬರಾದರೂ ಆ ಕಾಲೇಜಿನ ಮೆಟ್ಟಿಲು ಹತ್ತಿದವರೇ. ಅಂಗಡಿಯಲ್ಲಿ ಯಾರೇ ಎದುರಾದರೂ ಅವರ ಹೆಸರಿಗಿಂತ ಮೊದಲು ಅವರು ಯಾವ ವರ್ಷ ಏನು ಓದಿದರೆಂಬುದು ಓಪಲ್‌ಗೆ ನೆನಪಾಗುತ್ತಿತ್ತು. "ನಮ್ ಮದುವೆ ತಾರೀಖು ಮರೀತೀಯ, ಊರೋರ ಮಾರ್ಕ್ಸ್ ಮಾತ್ರ ಬಾಯಿಪಾಠ!" ಎಂದು ಗಂಡ ಹೋಯ್ಟ್ ಬದುಕಿದ್ದಷ್ಟು ದಿನವೂ ಛೇಡಿಸಿದ್ದ.

2016ರ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ ನೀತಿ ಬದಲಿಸಿತು. ಅಲ್ಲಿಯವರೆಗೆ ಕಾಲೇಜಿಗೆ ಎಷ್ಟು ಜನ ಸೇರಿದರೆಂದು ನೋಡಿ ಅನುದಾನ ಕೊಡುತ್ತಿದ್ದರು. ಈಗ ಎಷ್ಟು ಜನ ಓದು ಮುಗಿಸಿ ಡಿಗ್ರಿ ಪಡೆದರೆಂದು ನೋಡಿ ಕೊಡುತ್ತೇವೆ ಎಂದರು. ಕೇಳಲು ಚೆನ್ನಾಗಿಯೇ ಇತ್ತು. ಹಗಲೆಲ್ಲ ದುಡಿದು ಸಂಜೆ ಓದುವವರು, ನಡುವೆ ಹೆರಿಗೆ, ಅಪ್ಪನ ಕಾಯಿಲೆ, ಕೆಟ್ಟುನಿಂತ ಕಾರು ಎಂದು ಒದ್ದಾಡುವವರು ಹೇಗೆ 'ಮುಗಿಸುತ್ತಾರೆ' ಎಂದು ಶಾಸನಸಭೆಯಲ್ಲಿ ತಣ್ಣಗೆ ಕೂತ ಮಹಾಶಯರಿಗೆ ಯಾರು ತಾನೇ ತಿಳಿಹೇಳಬೇಕು?

ಡೀನ್ ಫ್ಯೂಗೇಟ್ ತಲೆ ಕೆರೆಯುತ್ತ ಓಪಲ್ ಕೋಣೆಗೆ ಬಂದ. ಮದುವೆಯಾದ ಮೇಲೂ ಊರಿಗೆಲ್ಲ ಅವಳು 'ಮಿಸ್ ಓಪಲ್'ಳೇ. "ಮಿಸ್ ಓಪಲ್, ಜೂನ್ ಮೂವತ್ತರೊಳಗೆ ಇನ್ನೂ ಹದಿನಾರು ಡಿಗ್ರಿ ತೋರಿಸ್ಬೇಕು. ಇಲ್ಲಾಂದ್ರೆ ಸಂಜೆ ನರ್ಸಿಂಗ್ ಕ್ಲಾಸು ಬಂದ್."

"ಅದೊಂದೇ ಅಲ್ವೇನಪ್ಪಾ, ಕೆಲಸಕ್ಕೆ ಹೋಗೋ ಹೆಣ್ಮಕ್ಕಳು ನರ್ಸ್ ಆಗೋಕೆ ಈ ಕಣಿವೇಲಿ ಇರೋ ದಾರಿ?"

"ಹೌದು. ಹದಿನಾರು ಜನಾನ ನಾನೇನು ಆಕಾಶದಿಂದ ಇಳಿಸ್ಲಾ?"

ಆಕಾಶದಿಂದ ಬೇಕಾಗಲಿಲ್ಲ, ಓಪಲ್ ನೆಲಮಾಳಿಗೆಗೆ ಇಳಿದಳು. ಅಲ್ಲಿ ಮೂವತ್ತು ವರ್ಷದ ಹಳೆಯ ಕಡತಗಳು ಧೂಳು ಹೊತ್ತು ಕೂತಿದ್ದವು. ನಡುವೆ ಬಿಟ್ಟುಹೋದವರೆಂದು ಕಾಲೇಜು ಬರೆದಿಟ್ಟ ಒಬ್ಬೊಬ್ಬರದನ್ನೂ ತೆರೆದು, ಬೇಕಾದ ಪಾಠಗಳನ್ನು ಬೆರಳು ಮಡಚಿ ಎಣಿಸಿದಳು. ಮೂರನೆಯ ದಿನ ಅವಳ ಕೈ ತಂತಾನೇ ನಿಂತಿತು. ಇವರು ಬಿಟ್ಟುಹೋದವರಲ್ಲ! ಎಲ್ಲವನ್ನೂ ಓದಿ ಪಾಸಾದವರು. ಡಿಗ್ರಿ ಬೇಕೆಂದು ಅರ್ಜಿಗೆ ಸಹಿ ಹಾಕಬೇಕೆಂಬುದೊಂದು ಗೊತ್ತಿಲ್ಲದೆ, ಮನೆಯಲ್ಲಿ ಹೇಳಿಕೊಡುವವರೂ ಇಲ್ಲದೆ ಎದ್ದು ನಡೆದವರು. ಶಾಲಾ ಬಸ್ಸಿನ ಚಾಲಕ, ಟೈರು ಬದಲಿಸುವವ, ದಿನಾ ಎದುರಾಗಿ ಕೈ ಬೀಸುವ ಜನ, ಅಷ್ಟು ವರ್ಷದಿಂದ ಪದವೀಧರರಾಗಿಯೇ ಓಡಾಡುತ್ತಿದ್ದರು. ಓಪಲ್ ಆ ಧೂಳಿನಲ್ಲೇ ಕುಸಿದು ಕೂತಳು. ಅವಳಿಗೆ ಮೈ ಜುಮ್ಮೆಂದಿತು. ಇದನ್ನು ಬರೆಯುವಾಗ ನನಗೂ ಹಾಗೆಯೇ ಆಗುತ್ತದೆ.

ಒಬ್ಬೊಬ್ಬರಿಗೂ ಫೋನ್ ಮಾಡಿದಳು. ಸ್ಮಶಾನದಲ್ಲಿ ಗುಂಡಿ ತೋಡುವ ಡೆನ್ಜಿಲ್‌ಗೆ, "ಹದಿನೆಂಟು ವರ್ಷದ ಹಿಂದೇನೇ ಪಾಸಾಗಿದ್ದೀಯ ಕಣಪ್ಪ, ಬಂದು ಸಹಿ ಹಾಕು," ಎಂದಾಗ ಆ ಕಡೆ ಗುದ್ದಲಿ ಮಣ್ಣಿಗೆ ಬಿದ್ದ ಸದ್ದು ಕೇಳಿಸಿತು.

"ಮಿಸ್ ಓಪಲ್, ನಾನು ಗುಂಡಿಯೊಳಗೆ ನಿಂತಿದ್ದೀನಿ," ಎಂದ. "ತಾಳಿ, ಮೇಲೆ ಬಂದು ಕೇಳಿಸ್ಕೋತೀನಿ."

ಜೂನ್ ಇಪ್ಪತ್ತೆಂಟರ ಹೊತ್ತಿಗೆ ಹದಿನೈದು ಸಹಿಗಳಾದವು. ಹದಿನಾರನೆಯ ಕಡತ ಮೊದಲ ವಾರದಿಂದಲೂ ಓಪಲ್ ಮೇಜಿನ ಕೆಳಖಾನೆಯಲ್ಲಿತ್ತು. ಅದು ವರ್ಲೀನ್ ಸ್ಟ್ಯಾಂಪರ್‌ದು, 1994ರದು. ಕೊನೆಯ ಪರೀಕ್ಷೆ ಗಣಿತ, ಅದರಲ್ಲಿ 'ಬಿ' ದರ್ಜೆ. ಮೇಲೆ ಹಸಿರು ಶಾಯಿಯಲ್ಲಿ, "ಗ್ರಂಥಾಲಯದ ಪುಸ್ತಕ ಬಾಕಿ, ಅಂಕಪಟ್ಟಿ ತಡೆಹಿಡಿಯಿರಿ." ಅದರ ಹಿಂದೆಯೇ, ಎರಡು ವಾರದ ನಂತರ ಪುಸ್ತಕ ವಾಪಸು ಬಂದ ಚೀಟಿ. ತಡೆಯನ್ನು ತೆಗೆಯಬೇಕಾಗಿದ್ದವಳು ಓಪಲ್, ಮರೆತಿದ್ದಳು. ಊರೋರ ಮಾರ್ಕ್ಸೆಲ್ಲ ಬಾಯಿಪಾಠವಿದ್ದ ಓಪಲ್!

ಬೇರೆ ಇನ್ನೊಂದು ಕಡತ ಸಿಗಲೆಂದು ಅವಳು ಬೇಡಿಕೊಂಡದ್ದೂ ಉಂಟು. ಸಿಗಲಿಲ್ಲ. ಇದಕ್ಕೆ ಫೋನ್ ಸಾಲದೆಂದು ತಾನೇ ಹೊರಟಳು.

ವರ್ಲೀನ್ ಪ್ರಾಥಮಿಕ ಶಾಲೆಯ ಅಡುಗೆಮನೆಯಲ್ಲಿದ್ದಳು; ಬೇಸಿಗೆ ರಜೆಯಲ್ಲೂ ಅಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟವಿತ್ತು. ದೊಡ್ಡ ತಟ್ಟೆಯ ಜೋಳದ ಬ್ರೆಡ್ಡನ್ನು ಚೌಕವಾಗಿ ಕತ್ತರಿಸುತ್ತಲೇ ಮಾತು ಕೇಳಿಸಿಕೊಂಡಳು. ಸಂಜೆ ನರ್ಸಿಂಗ್ ಕ್ಲಾಸಿನ ವಿಷಯವೂ ಸೇರಿ ಓಪಲ್ ಏನನ್ನೂ ಮುಚ್ಚಿಡಲಿಲ್ಲ.

"ಪಾಸಾದೋರಿಗೆ ಮನೆಗೆ ಮಾರ್ಕ್ಸ್ ಕಾಗದ ಬರುತ್ತೆ ಅಂತಿದ್ರು. ನಂಗೆ ಬರ್ಲಿಲ್ಲ, ಲೆಕ್ಕದಲ್ಲಿ ಫೇಲಾದೆ ಅಂದ್ಕೊಂಡೆ," ಎಂದಳು ವರ್ಲೀನ್. "ಬಂದು ಕೇಳೋಕೆ ನಾಚಿಕೆ ಆಯ್ತು."

"ತಪ್ಪು ನಂದು."

"ಇಪ್ಪತ್ತೆರಡು ವರ್ಷ ಇಲ್ಲದ ನೆನಪು ಈಗ ಹೆಂಗೆ ಬಂತು? ನಿಮಗೆ ತಲೆ ಎಣಿಸಿ ತೋರಿಸ್ಬೇಕು, ಅದಕ್ಕೆ ತಾನೆ?"

"ಹೌದು. ಅದಕ್ಕೇ ಬಂದೆ."

ವರ್ಲೀನ್ ಚಾಕುವನ್ನು ಕೆಳಗಿಟ್ಟಳು. "ನನ್ ಮಗಳು ಲೆಕ್ಕದ ಪುಸ್ತಕ ಹಿಡ್ಕೊಂಡು ಬಂದಾಗೆಲ್ಲ ಪಕ್ಕದ್ಮನೇಗೆ ಅಟ್ಟಿದೀನಿ. ಅಮ್ಮಂಗೆ ಬರಲ್ಲ, ಹೋಗೇ ಅಂದಿದೀನಿ. ನಂಗೆ ಬರ್ತಿತ್ತಲ್ರೀ!" ಅವಳು ಕೈಗಳನ್ನು ಏಪ್ರನ್ನಿಗೆ ಒರೆಸಿಕೊಂಡಳು. "ಕಾಗದ ಅಲ್ಲಿಟ್ಟು ಹೋಗಿ. ಮಕ್ಕಳು ಬರೋ ಹೊತ್ತಾಯ್ತು."

ಓಪಲ್ ಡಿಗ್ರಿ ಅರ್ಜಿಯ ಕಾಗದ ಇಟ್ಟು ಬಂದಳು. ಆ ಸಂಜೆ ಕಾರಿನಲ್ಲಿ ಕೂತು, ಹೋಯ್ಟ್ ಸತ್ತಾಗಲೂ ಅಳದಷ್ಟು ಅತ್ತಳು.

ಮೂವತ್ತನೆಯ ತಾರೀಖು ಫ್ಯೂಗೇಟ್ ಮೂರು ಸಲ ಬಂದು ಬಾಗಿಲಲ್ಲಿ ಇಣುಕಿದ. ಓಪಲ್ ಇಲ್ಲವೆಂದು ತಲೆಯಾಡಿಸಿದಳು. ಹೋಗಿ ಬೇಡಿಕೊಳ್ಳಬಹುದಿತ್ತು, ಹೋಗಲಿಲ್ಲ. ಆ ಹೆಂಗಸಿನಿಂದ ಇನ್ನೇನನ್ನೂ ಕೇಳುವ ಹಕ್ಕು ತನಗಿಲ್ಲವೆಂದು ಅವಳಿಗೆ ಅನಿಸಿತ್ತು. ಐದಕ್ಕೆ ಇಪ್ಪತ್ತು ನಿಮಿಷವಿದ್ದಾಗ ವರ್ಲೀನ್ ಏಪ್ರನ್ನನ್ನೂ ಬಿಚ್ಚದೆ ಒಳಗೆ ಬಂದಳು. ಕಾಗದಕ್ಕೆ ಅಲ್ಲೇ ಸಹಿ ಹಾಕಿ ಮೇಜಿನ ಮೇಲೆ ಇಟ್ಟಳು. ಓಪಲ್ ಎದ್ದು ನಿಂತಳು.

"ಹಾಗಾದ್ರೆ ಸಂಜೆ ಕ್ಲಾಸು ಉಳೀತು ಅನ್ನಿ," ಎಂದಳು ವರ್ಲೀನ್.

"ಉಳೀತಮ್ಮಾ."

"ಅದಕ್ಕೆ ಸೇರೋ ಫಾರಂ ಒಂದು ಕೊಡಿ. ಔಷಧಿ ಅಳತೆಗೆಲ್ಲ ಅಲ್ಲಿ ಲೆಕ್ಕ ಜಾಸ್ತಿಯಂತಲ್ಲ?"

"ತುಂಬಾ ಇರುತ್ತೆ."

"ಇರ್ಲಿ ಬಿಡಿ," ಎಂದು ವರ್ಲೀನ್ ಕುರ್ಚಿ ಎಳೆದುಕೊಂಡು ಕೂತು ತನ್ನ ಹೆಸರು ಬರೆಯತೊಡಗಿದಳು.