ನಮ್ಮಪ್ಪನನ್ನು ಬಲ್ಲವರು

ಗೆಳೆಯರೇ, ಇಂದು ನಾಟಕದ ವಿರಾಮದಲ್ಲಿ ಅಪರಿಚಿತರೊಬ್ಬರು ನನಗೆ ಸೋಡಾ ಕೊಡಿಸಿದರು. ಜರಿಪೇಟ, ಉದ್ದ ಕೋಟು, ಕೈಯಲ್ಲಿ ಬೆತ್ತ. ಯಾವೂರೆಂದು ಕೇಳಿದರು. ಹಾಸನದ ಕಡೆಯವನು, ಕಾಲೇಜು ಸೇರಿ ಹದಿನೈದು ದಿನವಾಯಿತು ಎಂದೆ.

"ಹಾಸನವೇ? ನಿಮ್ಮ ತಂದೆ ನನಗೆ ಚೆನ್ನಾಗಿ ಗೊತ್ತು ಕಣಪ್ಪ! ನಡಿ, ನಮ್ಮನೇಲಿ ಊಟ ಮಾಡ್ಕೊಂಡು ಹೋಗುವೆಯಂತೆ. ಗಾಡಿ ಹೊರಗೇ ನಿಂತಿದೆ."

ಪರವೂರಿನಲ್ಲಿ ಅಪ್ಪನ ಸ್ನೇಹಿತರು ಸಿಕ್ಕರಲ್ಲ ಎಂದು ಹಿಗ್ಗಿ ಎದ್ದೇಬಿಟ್ಟೆ. ಚಾಮರಾಜಪುರಂನ ಕೋಣೆಯಲ್ಲಿ ನನ್ನ ಜೊತೆಗಿರುವ ಹಿರಿಯ ವಿದ್ಯಾರ್ಥಿ ಅಂತೋಣಿ ತೋಳು ಹಿಡಿದು ನಿಲ್ಲಿಸಿದ.

"ಇವನ ತಂದೆ ಹೆಸರೇನು ಸ್ವಾಮಿ?" ಎಂದು ವಿನಯದಿಂದಲೇ ಕೇಳಿದ.

ಅವರು ನಕ್ಕರು. "ನಾಲಿಗೆ ತುದೀಲೇ ಇದೆಯಪ್ಪ."

"ಹಂಗಾದ್ರೆ ನೆನಪಾದ್ಮೇಲೆ ಬನ್ನಿ. ನಾವಿಬ್ರೂ ಜೊತೇಲಿ ಬಂದಿದ್ದೀವಿ, ಜೊತೇಲೇ ಹೋಗ್ತೀವಿ."

ಆ ಮನುಷ್ಯ ಜನರ ನಡುವೆ ಮರೆಯಾದ. ನನಗೋ ಅಂತೋಣಿಯ ಮೇಲೆ ಸಿಟ್ಟು. ನಾಟಕ ಮುಗಿದು ಜಟಕಾ ಹತ್ತಿದಾಗ ಗಾಡಿಯವನ ಮುಂದೆ ದೂರು ಹೇಳಿಕೊಂಡೆ.

"ಒಳ್ಳೇದಾಯ್ತು ಬುಡಿ ಸ್ವಾಮಿ," ಎಂದ ಅವನು. "ಹೋದ ವಾರ ಇಂಗೇ ಒಬ್ಬ ಕಾಲೇಜು ಹುಡುಗನ್ನ ಇಸ್ಪೀಟು ಆಡೋ ಮನೆಗೆ ಕರ್ಕೊಂಡೋಗಿದ್ರು. ಗಡಿಯಾರ, ಕೋಟು, ಚಪ್ಪಲಿ ಎಲ್ಲಾ ಕಳ್ಕೊಂಡು ಬೆಳಿಗ್ಗೆ ಬರಿಗಾಲಲ್ಲಿ ಬಂದ."

ಅಂತೋಣಿಯ ಮೇಲಿನ ಸಿಟ್ಟು ಇಳಿಯಿತು. ಆದರೂ ಕುತೂಹಲ ಬಿಡಲಿಲ್ಲ. "ಅಷ್ಟು ಜನರಲ್ಲಿ ನಾನೇ ಹೊಸಬ ಅಂತ ಅವನಿಗೆ ಹೇಗೆ ಗೊತ್ತಾಯ್ತು?" ಎಂದು ಅಂತೋಣಿಯನ್ನು ಕೇಳಿದೆ.

"ಎಲ್ಲರೂ ರಂಗದ ಮೇಲಿನ ರಾಜನ್ನ ನೋಡ್ತಿದ್ರೆ, ನೀನು ಬಾಯಿ ಬಿಟ್ಕೊಂಡು ಎಲೆಕ್ಟ್ರಿಕ್ ದೀಪ ನೋಡ್ತಿದ್ದೆ ಕಣೋ!"

ದೀಪವನ್ನು ಮುಂದೆಯೂ ನೋಡುತ್ತೇನೆ. ಬಾಯಿ ಮಾತ್ರ ಮುಚ್ಚಿರುತ್ತದೆ.